ವಾದ್ಯಕ್ಕೆ ಬೆಲೆಯೋ, ನುಡಿಸುವ ಕೈಗೆ ಬೆಲೆಯೋ?

ಕ್ರಿಸ್ತಜಯಂತಿ ಸಮೀಪಿಸಿತೆಂದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ನಮ್ಮ ಧರ್ಮಕೇಂದ್ರಗಳಲ್ಲಿ ಗಾಯನ ವೃಂದದ ಅಭ್ಯಾಸ ಆರಂಭವಾಗುತ್ತದೆ. ಅದರ ಬೆನ್ನಿಗೇ ಒಂದು ಪ್ರಶ್ನೆಯೂ ತಲೆಯೆತ್ತುತ್ತದೆ: ಇರುವ ಗಿಟಾರ್ ಸಾಕೇ, ಇನ್ನೂ ಚೆಂದದ್ದೊಂದನ್ನು ಕೊಳ್ಳಬೇಕೇ? ಪ್ರಶ್ನೆ ಚಿಕ್ಕದಾಗಿ ಕಾಣಬಹುದು. ಆದರೆ ನಾವು ಯಾವುದನ್ನು ಗೌರವಿಸುತ್ತೇವೆ ಎಂಬುದನ್ನು ಅದು ಹೊರಗೆಡಹುತ್ತದೆ.

ಕೆಲವು ವರ್ಷಗಳ ಹಿಂದಿನ ಪ್ರಸಂಗವೊಂದನ್ನು ಹೇಳುವೆ. ಒಂದು ಗಾಯನ ವೃಂದ ವಂತಿಗೆ ಕೂಡಿಸಿ ಕಪ್ಪು ಹೊಳಪಿನ ಹೊಸ ಗಿಟಾರ್ ತಂದಿತು. ಅಲ್ಲಿಯವರೆಗೆ ಬಲಿಪೂಜೆಯ ಹಾಡುಗಳಿಗೆ ಜೊತೆ ನೀಡುತ್ತಿದ್ದವನು ಕಾಡಂಚಿನ ಊರಿನಿಂದ ನಡೆದು ಬರುತ್ತಿದ್ದ ಬಡ ಹುಡುಗ. ಅವನ ವಾದ್ಯದ ಬಣ್ಣ ಕಿತ್ತುಹೋಗಿತ್ತು, ಆದರೆ ತಾಳ ಎಂದೂ ತಪ್ಪುತ್ತಿರಲಿಲ್ಲ. ಹೊಸ ವಾದ್ಯ ಹೆಚ್ಚು ವಂತಿಗೆ ಕೊಟ್ಟ ಮನೆಯ ಮಗನ ಕೈಗೆ ಹೋಯಿತು. ಹಳೆಯದು ಜನರೆದುರು ಶೋಭಿಸುವುದಿಲ್ಲ ಎಂದು ಯಾರೋ ಅಂದರು. ಆ ಸಭೆಯಲ್ಲಿ ನಾನೂ ಇದ್ದೆ, ಬಾಯಿ ತೆರೆಯಲಿಲ್ಲ. ಮರುವರ್ಷ ಆ ಹುಡುಗ ಬರಲಿಲ್ಲ. ಹೊಸ ಗಿಟಾರ್ ಚೀಲದಲ್ಲೇ ಉಳಿಯಿತು, ಏಕೆಂದರೆ ಅದನ್ನು ನುಡಿಸಲು ಬಲ್ಲವರು ಇರಲಿಲ್ಲ.

ಒಳ್ಳೆಯ ಮರವಿಲ್ಲದೆ ಒಳ್ಳೆಯ ನಾದವಿಲ್ಲ ಎಂಬ ವಾದವುಂಟು. ನಮ್ಮ ಕಾಡುಗಳಲ್ಲಿ ಬೆಳೆಯುವ ಬೀಟೆ ಮರಕ್ಕೆ ಗಿಟಾರ್ ಲೋಕದಲ್ಲಿ ದೊಡ್ಡ ಹೆಸರಿದೆ. ಅಮೆರಿಕದ ಪ್ರಸಿದ್ಧ ಮಾರ್ಟಿನ್ ಕಂಪನಿಯು 1969ರಲ್ಲಿ ಬ್ರೆಜಿಲಿನ ಬೀಟೆಯನ್ನು ಬಿಟ್ಟು ಭಾರತದ ಬೀಟೆಯತ್ತ ತಿರುಗಿತು. ಆದರೆ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನು ನೋಡಿ. ಹಿಂಬದಿ ಹಾಗೂ ಪಕ್ಕದ ಮರವನ್ನು ಮಾತ್ರ ಬದಲಿಸಿ ಆರು ಗಿಟಾರ್‌ಗಳನ್ನು ಮಾಡಿಸಿ, ಮರ ಯಾವುದೆಂದು ಕಣ್ಣಿಗೆ ಕಾಣದಂತೆ 52 ಮಂದಿ ವಾದಕರಿಗೆ ನುಡಿಸಲು ಕೊಡಲಾಯಿತು. ಅವರು ಆರಕ್ಕೂ ಹೆಚ್ಚುಕಡಿಮೆ ಒಂದೇ ಬಗೆಯ ಅಂಕ ನೀಡಿದರು. ಅದಕ್ಕೂ ಬಹಳ ಹಿಂದೆ, 1862ರಲ್ಲಿ, ಸ್ಪೇನಿನ ಆಂಟೋನಿಯೊ ಡಿ ಟೋರೆಸ್ ಎಂಬ ಕುಶಲಕರ್ಮಿ ಹಿಂಬದಿ ಮತ್ತು ಪಕ್ಕಗಳನ್ನು ರಟ್ಟಿನಿಂದಲೇ ರಚಿಸಿ ಗಿಟಾರ್ ಮಾಡಿದ್ದ. ನಾದದ ಮುಖ್ಯ ಭಾರವನ್ನು ಹೊರುವುದು ಮೇಲಿನ ತೆಳು ಹಲಗೆ ಎಂಬುದನ್ನು ತೋರಿಸುವುದು ಅವನ ಉದ್ದೇಶವಾಗಿತ್ತು.

ಹಾಗೆಂದು ವಾದ್ಯ ಹೇಗಿದ್ದರೂ ಆದೀತು ಎಂದು ನಾನು ಹೇಳಲಾರೆ. ಶ್ರುತಿ ನಿಲ್ಲದ ಗಿಟಾರ್ ಕಲಿಯುವ ಮಗುವಿನ ಕಿವಿಯನ್ನು ಕೆಡಿಸುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಮರ ಉಬ್ಬಿ, ತಂತಿಗಳು ಮೇಲೆದ್ದು, ತುಕ್ಕು ಹಿಡಿದು, ಬೆರಳು ನೋಯುವಂತಾಗುತ್ತದೆ. ಎಷ್ಟೋ ಮಕ್ಕಳು ಕಲಿಕೆಯನ್ನು ಬಿಡುವುದು ಆಸಕ್ತಿ ಇಲ್ಲದೆ ಅಲ್ಲ, ಈ ನೋವಿನಿಂದ. ಆದರೆ ಇದಕ್ಕೆ ಮದ್ದು ಹೊಳಪಿನ ಬಣ್ಣವಲ್ಲ. ಹೊಸ ತಂತಿ, ಒಣಗಿದ ಜಾಗ, ತಂತಿಯ ಎತ್ತರವನ್ನು ಸರಿಪಡಿಸಬಲ್ಲ ಒಬ್ಬ ಕುಶಲಿ, ಇಷ್ಟು ಸಾಕು. ನನ್ನ ಎಣಿಕೆಯಲ್ಲಿ ಮೊದಲು ಬರುವುದು ನುಡಿಸುವವನ ಅಭ್ಯಾಸ, ಎರಡನೆಯದು ವಾದ್ಯದ ನಾದ. ಅಂದಕ್ಕೆ ಕೊನೆಯ ಸ್ಥಾನ.

ಧರ್ಮಸಭೆಯ ಬೋಧನೆಯೂ ಇದಕ್ಕೆ ದೂರವಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯು 1963ರ ದೈವಾರಾಧನಾ ವಿಧಿಯ ಶಾಸನದಲ್ಲಿ ಪೈಪ್ ಆರ್ಗನ್ನಿಗೆ ಹಿರಿಯ ಗೌರವ ನೀಡಿ, ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಅವು ಪವಿತ್ರ ಬಳಕೆಗೆ ತಕ್ಕುದಾಗಿರಬೇಕು, ಭಕ್ತಜನರ ಆತ್ಮೋನ್ನತಿಗೆ ನೆರವಾಗಬೇಕು ಎಂಬುದೇ ಅದರ ನಿಬಂಧನೆ. ಬೆಲೆಯ ಮಾತು ಅಲ್ಲಿಲ್ಲ. 1818ರ ಡಿಸೆಂಬರ್ 24ರಂದು ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಊರಿನ ಇಗರ್ಜಿಯಲ್ಲಿ ಯೋಸೆಫ್ ಮೋರ್ ಎಂಬ ಗುರುಗಳೂ ಫ್ರಾಂಜ್ ಗ್ರೂಬರ್ ಎಂಬ ಶಾಲಾ ಶಿಕ್ಷಕರೂ ಒಂದು ಗಿಟಾರಿನ ಜೊತೆಯಲ್ಲಿ 'ಸೈಲೆಂಟ್ ನೈಟ್' ಗೀತೆಯನ್ನು ಮೊದಲ ಬಾರಿಗೆ ಹಾಡಿದರು. ಇಂದು ಜಗತ್ತು ನೆನೆಯುವುದು ಆ ಹಾಡನ್ನು.

ಅಷ್ಟು ದೂರವೇಕೆ ಹೋಗಬೇಕು? ಹಳಿಯಾಳ, ಮುಂಡಗೋಡ ಸೀಮೆಯ ನಮ್ಮ ಸಿದ್ದಿ ಬಾಂಧವರ ದಮಾಮಿಯನ್ನು ಕೇಳಿದವರು ಅದರ ಬಣ್ಣವನ್ನಾಗಲಿ ಬೆಲೆಯನ್ನಾಗಲಿ ವಿಚಾರಿಸುವುದಿಲ್ಲ. ಪೊಳ್ಳು ಮರಕ್ಕೆ ಚರ್ಮ ಬಿಗಿದ ಆ ವಾದ್ಯಕ್ಕೆ ಜೀವ ತುಂಬುವುದು ಬಡಿಯುವ ಕೈ. ಈ ವಿವೇಕ ನಮ್ಮ ನೆರೆಯಲ್ಲೇ ಇದ್ದೂ ಗಿಟಾರಿನ ವಿಷಯ ಬಂದಾಗ ಏಕೆ ಮರೆಯುತ್ತೇವೆ?

ಆದ್ದರಿಂದ ತಂದೆತಾಯಂದಿರಲ್ಲಿ, ಗಾಯನ ವೃಂದದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಈ ವರ್ಷ ಹೊಸ ಗಿಟಾರಿಗೆ ಕೂಡಿಟ್ಟ ಹಣದಲ್ಲಿ ಮೊದಲು ಹಳೆಯ ವಾದ್ಯಗಳನ್ನು ದುರಸ್ತಿ ಮಾಡಿಸೋಣ. ಉಳಿದುದರಲ್ಲಿ ವಾರಕ್ಕೊಮ್ಮೆ ಪಾಠ ಹೇಳುವವರಿಗೆ ಗೌರವಧನ ಕೊಡೋಣ. ದೂರದ ಹಳ್ಳಿಗಳ ಮಕ್ಕಳಿಗೆ ಬಸ್ಸಿನ ಖರ್ಚು ಕೊಟ್ಟು ಕರೆತರೋಣ. ಹೊಸ ವಾದ್ಯ ಕೊಳ್ಳಲೇಬೇಕಾದರೆ ಅದು ಯಾರ ಮನೆಯ ಸೊತ್ತೂ ಆಗದೆ ಧರ್ಮಕೇಂದ್ರದಲ್ಲಿರಲಿ, ಚೆನ್ನಾಗಿ ನುಡಿಸುವವನ ಕೈಗೆ ಸಿಗಲಿ.

ಬಡ ವಿಧವೆಯ ಎರಡು ಕಾಸನ್ನು ಮೆಚ್ಚಿದ ಪ್ರಭು, ಬಣ್ಣ ಕಿತ್ತ ಗಿಟಾರಿನ ನಾದವನ್ನು ಕೇಳದೆ ಇರುವನೇ? ಹಿಂದಿನ ಸಾಲಿಗೆ ಸರಿದ ಆ ಹುಡುಗ ನಮ್ಮ ಊರಿನಲ್ಲೂ ಇರಬಹುದು. ಈ ಬಾರಿ ಅವನ ಮನೆಗೆ ಹೋಗಿ ಕರೆಯೋಣ.