ರೀಲ್ಸ್ ಬರುತ್ತೆ, ಫೋಲ್ಡರ್ ಬರಲ್ಲ!

ಈಗಿನ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವ ಅಗತ್ಯವೇ ಇಲ್ಲ ಎಂಬ ನಂಬಿಕೆ ಮನೆಯಲ್ಲೂ ಇದೆ, ಕಾಲೇಜಿನಲ್ಲೂ ಇದೆ. ‘ಇವರೆಲ್ಲ ಹುಟ್ಟುತ್ತಲೇ ಮೊಬೈಲ್ ಹಿಡಿದು ಬಂದವರು’ ಎನ್ನುತ್ತಾರೆ ಹಿರಿಯರು. ಮೊಬೈಲ್ ಮಟ್ಟಿಗೆ ಆ ಮಾತು ನಿಜ. ಹಾಡು ಸೇರಿಸಿ, ಬಣ್ಣ ತಿದ್ದಿ, ಐದು ನಿಮಿಷದಲ್ಲಿ ರೀಲ್ಸ್ ಹಾಕಬಲ್ಲೆವು. ಆದರೆ ಡೆಸ್ಕ್‌ಟಾಪ್ ಮುಂದೆ ಕೂರಿಸಿ, ‘ಈ ಫೈಲನ್ನು ಪಿಡಿಎಫ್ ಮಾಡಿ, ಹೆಸರು ಬದಲಿಸಿ, ಮೇಲ್ ಮಾಡು’ ಎಂದರೆ ನಮ್ಮಲ್ಲಿ ಅರ್ಧ ಜನ ಪಕ್ಕದವರ ಮುಖ ನೋಡುತ್ತೇವೆ.

ನಾನು ಓದುತ್ತಿರುವುದು ಬಿಇ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ – ನಾಲ್ಕೂ ಊರಿನ ಗೆಳೆಯರು ಸುತ್ತ ಇದ್ದಾರೆ. ವಿಟಿಯು ಪಠ್ಯದಲ್ಲಿ ಮೊದಲ ವರ್ಷವೇ ಪ್ರೋಗ್ರಾಮಿಂಗ್ ಇದೆ. ಅವಿಭಾಜ್ಯ ಸಂಖ್ಯೆ ಹುಡುಕುವ ಪ್ರೋಗ್ರಾಂ ಬರೆಯುವವರಿದ್ದಾರೆ. ಅದೇ ಕೈಗಳು ಪ್ರಾಜೆಕ್ಟ್ ರಿಪೋರ್ಟ್ ಮಾಡುವಾಗ ಶೀರ್ಷಿಕೆಯನ್ನು ನಡುವೆ ತರಲು ಸ್ಪೇಸ್ ಬಾರ್ ಇಪ್ಪತ್ತು ಸಲ ಒತ್ತುತ್ತವೆ. ಪುಟಸಂಖ್ಯೆಯನ್ನು ಒಂದೊಂದಾಗಿ ಟೈಪ್ ಮಾಡುತ್ತವೆ. ನಡುವೆ ಒಂದು ಚಿತ್ರ ಸೇರಿಸಿದರೆ ಮುಗಿಯಿತು, ಪರಿವಿಡಿಯೆಲ್ಲ ಅಡಿಮೇಲು! ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕಥೆಯೇ ಹೀಗಾದರೆ ಬಿಎ, ಬಿಕಾಂ ಓದುವವರಿಗೆ ಇದನ್ನು ಕಲಿಸುವವರು ಯಾರು?

ಕಲಿಯದಿದ್ದರೆ ಏನಾಗುತ್ತದೆ? ನಮ್ಮ ಬೀದಿಯ ಅಕ್ಕ ಒಬ್ಬರು ಡಿಗ್ರಿ ಮುಗಿಸಿ ಎರಡು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದಾರೆ. ಪ್ರತಿ ಅರ್ಜಿಯನ್ನೂ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರ್‌ನಲ್ಲಿ ಹಾಕಿಸುತ್ತಿದ್ದರು. ಒಂದು ಪರೀಕ್ಷೆಗೆ ಅಲ್ಲಿನವರು ತಮ್ಮದೇ ಅಂಗಡಿಯ ಇಮೇಲ್ ಕೊಟ್ಟು ಅರ್ಜಿ ತುಂಬಿದರು. ಪ್ರವೇಶಪತ್ರದ ಸೂಚನೆ ಅಂಗಡಿಯ ಮೇಲ್‌ಗೆ ಹೋಯಿತು. ಅಕ್ಕನಿಗೆ ವಿಷಯ ತಿಳಿದಾಗ ಪರೀಕ್ಷೆ ಮುಗಿದು ಮೂರು ದಿನ ಆಗಿತ್ತು. ಅಂಗಡಿಯವರನ್ನು ಬೈದು ಏನು ಪ್ರಯೋಜನ? ದಿನಕ್ಕೆ ನೂರು ಅರ್ಜಿ ತುಂಬುವವರಿಗೆ ಅದು ನೂರರಲ್ಲಿ ಒಂದು. ಅಕ್ಕನಿಗೆ ಮಾತ್ರ ಒಂದು ವರ್ಷ.

ನೌಕರಿ ಹುಡುಕುವವರಿಗೆ ಕಂಪ್ಯೂಟರ್ ಈಗ ಬಾಗಿಲೇ ಆಗಿಬಿಟ್ಟಿದೆ. ಐಬಿಪಿಎಸ್ ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕಬೇಕಾದರೆ ಫೋಟೊ 20ರಿಂದ 50 ಕೆಬಿ ಒಳಗಿರಬೇಕು, ಸಹಿ 10ರಿಂದ 20 ಕೆಬಿ. ಪರೀಕ್ಷೆ ನಡೆಯುವುದೂ ಕಂಪ್ಯೂಟರ್ ಮೇಲೆಯೇ. ಎಸ್‌ಎಸ್‌ಸಿಯ ಸಿಎಚ್‌ಎಸ್‌ಎಲ್ ಪರೀಕ್ಷೆಯಲ್ಲಿ ಗುಮಾಸ್ತ ಹುದ್ದೆಗೆ ನಿಮಿಷಕ್ಕೆ 35 ಇಂಗ್ಲಿಷ್ ಪದ ಟೈಪ್ ಮಾಡಬೇಕು. ರಾಜ್ಯ ಸರ್ಕಾರ 2012ರಲ್ಲೇ ತನ್ನ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ತಂದಿತು. ತೇರ್ಗಡೆಯಾಗಲು ಕೊಟ್ಟ ಗಡುವನ್ನು ಹಲವು ಸಲ ವಿಸ್ತರಿಸಬೇಕಾಯಿತು. ಅಂದರೆ ಕೆಲಸ ಸಿಕ್ಕ ಮೇಲೂ ಈ ಪಾಠ ಬೆನ್ನು ಬಿಡುವುದಿಲ್ಲ.

ಖಾಸಗಿ ಕೆಲಸದಲ್ಲೂ ಅಷ್ಟೇ. ಗೌರಿಬಿದನೂರಿನ ಕಾರ್ಖಾನೆಯ ಸ್ಟೋರ್ಸ್ ಇರಲಿ, ಚಿಂತಾಮಣಿಯ ಟೊಮೆಟೊ ಮಂಡಿ ಇರಲಿ, ಚಿಕ್ಕಬಳ್ಳಾಪುರದ ಹೂವಿನ ವ್ಯಾಪಾರ ಇರಲಿ, ಲೆಕ್ಕ ಬರೆಯುವವರಿಗೆ ಎಕ್ಸೆಲ್ ಬರಬೇಕು. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೂ ಇ-ಹರಾಜು ಬಂದಿದೆ. ಅಪ್ಪ ಗೂಡು ಹಾಕುವ ಮಾರುಕಟ್ಟೆಯೇ ಬದಲಾಗಿರುವಾಗ, ಮಗ ಮಾತ್ರ ‘ನನಗೆ ಸಿಸ್ಟಂ ಬರಲ್ಲ’ ಎಂದರೆ ಹೇಗೆ?

ಎಕ್ಸೆಲ್ ಅಂದರೆ ಚೌಕಟ್ಟು ಹಾಕಿ ಅಂಕಿ ತುಂಬುವುದಷ್ಟೇ ಅಲ್ಲ. ಹೆಸರಿನ ಕಾಲಂ ಒಂದನ್ನೇ ಆರಿಸಿ ಅಕಾರಾದಿ ಜೋಡಿಸಿದರೆ, ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ಅಂಕ ಕೂರುತ್ತದೆ. ಬ್ಯಾಂಕ್ ಖಾತೆ ಸಂಖ್ಯೆ ಸೊನ್ನೆಯಿಂದ ಶುರುವಾದರೆ ಆ ಸೊನ್ನೆ ಮಾಯವಾಗುತ್ತದೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುವುದರಿಂದ 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಎಂದು ಗುರುತಿಸಿದ್ದರೆ ಈ ತೊಂದರೆ ಇಲ್ಲ. ಅರ್ಧ ನಿಮಿಷದ ಕೆಲಸ. ಆದರೆ ಅದು ವಿದ್ಯಾರ್ಥಿವೇತನದ ಪಟ್ಟಿಯಾಗಿದ್ದರೆ ಒಬ್ಬ ಬಡ ಹುಡುಗಿಯ ಹಣ ಎಲ್ಲಿಗೋ ಸಿಕ್ಕಿಹಾಕಿಕೊಳ್ಳುತ್ತದೆ.

ಕನ್ನಡದ ಮಾತು ಬೇರೆಯೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಂಪ್ಯೂಟರ್ ಪರದೆಯ ಮೇಲೆ ಇಂಗ್ಲಿಷ್ – ಇದು ನಮ್ಮ ಗಡಿ ಜಿಲ್ಲೆಯ ಮಕ್ಕಳ ಪಾಡು. ಹೀಗಾಗಿ ಕನ್ನಡದಲ್ಲಿ ಒಂದು ಅರ್ಜಿ ಟೈಪ್ ಮಾಡಲೂ ಡಿಟಿಪಿ ಅಂಗಡಿಗೆ ಓಡುತ್ತೇವೆ. ಅಲ್ಲಿ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೆ ಅಕ್ಷರವೆಲ್ಲ ಇಂಗ್ಲಿಷ್ ಗೊಜ್ಜು! ಯುನಿಕೋಡ್‌ನಲ್ಲಿ ಟೈಪ್ ಮಾಡಿದರೆ ಆ ಕಾಟವಿಲ್ಲ. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಮೊದಲೇ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆ ಸೇರಿಸಿಕೊಂಡರೆ ಸಾಕು. ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ಯಲ್ಲಿ ಬಳಕೆಯಾದ ಕೀಲಿಮಣೆ ವಿನ್ಯಾಸವನ್ನು ದಿನಕ್ಕೆ ಅರ್ಧ ಗಂಟೆಯಂತೆ ಹದಿನೈದು ದಿನ ಅಭ್ಯಾಸ ಮಾಡಿದರೆ ಕೈ ಓಡುತ್ತದೆ.

‘ಮೊಬೈಲಲ್ಲೇ ಎಲ್ಲ ಆಗುತ್ತಲ್ಲ’ ಎನ್ನುವ ಗೆಳೆಯರಿದ್ದಾರೆ. ಆಗಲಿ, ಒಪ್ಪೋಣ. ಆದರೆ ಕಚೇರಿಯಲ್ಲಿ ಯಾರೂ ಐನೂರು ಸಾಲಿನ ಪಟ್ಟಿಯನ್ನು ಆರಿಂಚಿನ ಪರದೆಯಲ್ಲಿ ತಿದ್ದುವುದಿಲ್ಲ. ‘ಇನ್ನು ಎಲ್ಲವನ್ನೂ ಎಐ ಮಾಡುತ್ತೆ’ ಎನ್ನುವವರೂ ಇದ್ದಾರೆ. ಎಐ ಪತ್ರ ಬರೆದುಕೊಡಬಹುದು. ಆ ಪತ್ರವನ್ನು ಎಲ್ಲಿ ಉಳಿಸಿದೆ, ಯಾವ ಹೆಸರಲ್ಲಿ ಉಳಿಸಿದೆ, ಸರಿಯಾದ ಫೈಲನ್ನೇ ಲಗತ್ತಿಸಿದೆಯಾ ಎಂದು ನೋಡಬೇಕಾದವರು ನಾವೇ.

ಹಾಗಾದರೆ ಕಲಿಯಬೇಕಾದ್ದು ಎಷ್ಟು? ತುಂಬಾ ಇಲ್ಲ. ಫೋಲ್ಡರ್ ಮಾಡಿ ಫೈಲ್‌ಗೆ ಅರ್ಥವಾಗುವ ಹೆಸರಿಡುವುದು. ‘ಕಂಟ್ರೋಲ್ ಎಸ್’ ಒತ್ತಿ ಆಗಾಗ ಉಳಿಸುವುದು, ತಪ್ಪಾದರೆ ‘ಕಂಟ್ರೋಲ್ ಝಡ್’, ಹುಡುಕಲು ‘ಕಂಟ್ರೋಲ್ ಎಫ್’. ಫೋಟೊ ದೊಡ್ಡದಿದ್ದರೆ ಪೇಂಟ್‌ನಲ್ಲಿ ತೆರೆದು ‘ರೀಸೈಜ್’ ಮಾಡಿ ಜೆಪಿಜಿ ಆಗಿ ಉಳಿಸುವುದು. ಪ್ರಿಂಟ್ ಕೊಡುವಾಗ ‘ಪ್ರಿಂಟ್ ಟು ಪಿಡಿಎಫ್’ ಆರಿಸಿದರೆ ಪಿಡಿಎಫ್ ಸಿದ್ಧ. ಅದಕ್ಕೆ ಅಂಗಡಿಗೆ ಹಣ ಕೊಡಬೇಕಿಲ್ಲ. ಎಂಎಸ್ ಆಫೀಸ್ ಕೊಳ್ಳಲು ಆಗದಿದ್ದರೆ ಲಿಬ್ರೆ ಆಫೀಸ್ ಉಚಿತ. ಸೈಬರ್ ಸೆಂಟರ್‌ಗೆ ಹೋಗಲೇಬೇಕಾದರೆ ನಮ್ಮದೇ ಇಮೇಲ್, ನಮ್ಮದೇ ಮೊಬೈಲ್ ನಂಬರ್ ಕೊಡಬೇಕು. ಪಾಸ್‌ವರ್ಡ್ ನಾವೇ ಟೈಪ್ ಮಾಡಬೇಕು. ಏಳುವ ಮುಂಚೆ ಲಾಗೌಟ್ ಆಗಿ, ಡೌನ್‌ಲೋಡ್ಸ್‌ನಲ್ಲಿ ಉಳಿದ ಆಧಾರ್, ಅಂಕಪಟ್ಟಿ ಪ್ರತಿಗಳನ್ನು ‘ಶಿಫ್ಟ್ ಡಿಲೀಟ್’ ಕೊಟ್ಟು ಅಳಿಸಬೇಕು. ಒಟ್ಟು ಇಪ್ಪತ್ತು ಗಂಟೆಯ ಪಾಠ ಇದು.

ಈ ಇಪ್ಪತ್ತು ಗಂಟೆಯನ್ನು ಪ್ರತಿ ಪದವಿ ಕಾಲೇಜು ಮೊದಲ ಸೆಮಿಸ್ಟರ್‌ನಲ್ಲೇ ಕೊಡಲಿ ಎಂಬುದು ನನ್ನ ಬೇಡಿಕೆ. ‘ಇನ್‌ಪುಟ್ ಸಾಧನಗಳು ಯಾವುವು? ವಿವರಿಸಿ’ ಎಂಬ ಐದು ಅಂಕದ ಪ್ರಶ್ನೆ ಬೇಡ. ಸಿಸ್ಟಂ ಮುಂದೆ ಕೂರಿಸಿ, ಒಂದು ಅರ್ಜಿ ತುಂಬಿಸಿ, ಒಂದು ಪಟ್ಟಿ ಜೋಡಿಸಲು ಹೇಳಿ, ಅದೇ ಪರೀಕ್ಷೆ. ಸಂಜೆ ನಾಲ್ಕರ ನಂತರ ಬೀಗ ಬೀಳುವ ಲ್ಯಾಬ್ ಎರಡು ಗಂಟೆ ಹೆಚ್ಚು ತೆರೆದಿರಲಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಕಂಪ್ಯೂಟರ್ ಇರುವ ಕೇಂದ್ರಗಳಲ್ಲಿ ಅದರ ಮೇಲಿನ ಹೊದಿಕೆ ತೆಗೆದು ಮಕ್ಕಳ ಕೈಗೆ ಕೊಡಬೇಕು.

ಎಲ್ಲವನ್ನೂ ಸರ್ಕಾರ, ಕಾಲೇಜು ಮಾಡಲಿ ಎಂದು ಕೂರುವುದೂ ಸರಿಯಲ್ಲ. ನಮ್ಮ ಜಿಲ್ಲೆಯಲ್ಲಿ ಬಿಇ, ಡಿಪ್ಲೊಮಾ ಓದುವವರು ಸಾಕಷ್ಟು ಜನ ಇದ್ದೇವೆ. ಹೆಚ್ಚಿನವರ ಬಳಿ ಲ್ಯಾಪ್‌ಟಾಪ್ ಇದೆ. ಭಾನುವಾರ ಎರಡು ಗಂಟೆ ಬಿಡುವು ಮಾಡಿಕೊಂಡು ಬೀದಿಯ ನಾಲ್ಕು ಜನರಿಗೆ ಹೇಳಿಕೊಟ್ಟರೆ ಹತ್ತು ವಾರದಲ್ಲಿ ಆ ಇಪ್ಪತ್ತು ಗಂಟೆ ಮುಗಿಯುತ್ತದೆ. ಹೇಳಿಕೊಡುವಾಗ ಒಂದು ನಿಯಮ ಮಾತ್ರ ಇರಲಿ: ಮೌಸ್ ಕಲಿಯುವವರ ಕೈಯಲ್ಲೇ ಇರಬೇಕು. ‘ಕೊಡಿಲ್ಲಿ, ನಾನು ಮಾಡಿಕೊಡ್ತೀನಿ’ ಎಂದು ನಾವು ಕಸಿದುಕೊಂಡರೆ, ನಾವೂ ಇನ್ನೊಂದು ಸೈಬರ್ ಸೆಂಟರ್ ಆಗುತ್ತೇವೆ ಅಷ್ಟೇ.