ಸುಟ್ಟ ವಾಸನೆಯೂ ಪತ್ತೆಯ ಕೂಲಿಯೂ

ದಿನದ ಕೊನೆಗೆ ನಗದು ಪುಸ್ತಕದಲ್ಲಿ ಹತ್ತು ರೂಪಾಯಿ ಹೊಂದದಿದ್ದರೆ ಗುಮಾಸ್ತನು ಮನೆಗೆ ಹೊರಡುವಂತಿಲ್ಲ. ಮೊತ್ತ ಸಣ್ಣದೆಂದು ಬಿಟ್ಟುಬಿಡುವ ಮಾಲೀಕರು ವಿರಳ. ಆ ಹತ್ತು ರೂಪಾಯಿಯ ಹಿಂದೆ ಸಾವಿರಾರು ರೂಪಾಯಿಯ ಎರಡು ತಪ್ಪುಗಳು ಒಂದನ್ನೊಂದು ಮರೆಮಾಡಿಕೊಂಡಿರಬಹುದೆಂಬುದು ವ್ಯಾಪಾರಸ್ಥರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಆದರೆ ಅದೇ ಅಂಗಡಿಯ ಮುಂದೆ ನಿಂತ ಕಾರಿನಲ್ಲಿಯೋ ಸರಕಿನ ಟೆಂಪೋದಲ್ಲಿಯೋ ಮೂರು ವಾರಗಳಿಂದ ಸುಟ್ಟ ವಾಸನೆ ಬರುತ್ತಿದ್ದರೆ ಈ ಎಚ್ಚರ ಕಾಣುವುದಿಲ್ಲ. ಕಿಟಕಿಯ ಗಾಜು ಇಳಿಯುತ್ತದೆ, ಕನ್ನಡಿಗೆ ಸುಗಂಧದ ಬಿಲ್ಲೆಯೊಂದು ತೂಗುತ್ತದೆ, ವಾಹನ ಎಂದಿನಂತೆ ಓಡುತ್ತಿರುತ್ತದೆ.

ವಾಹನದಲ್ಲಿ ಸುಟ್ಟ ವಾಸನೆಗೆ ಕಾರಣವಿಲ್ಲದೆ ಇರುವುದಿಲ್ಲ. ಎಲ್ಲಿಯೋ ಘರ್ಷಣೆ ಮಿತಿಮೀರಿದೆ, ಎಲ್ಲಿಯೋ ಎಣ್ಣೆಯು ಬಿಸಿ ಲೋಹದ ಮೇಲೆ ತೊಟ್ಟಿಕ್ಕುತ್ತಿದೆ, ಇಲ್ಲವೆ ಎಲ್ಲಿಯೋ ತಂತಿಯು ತಾಳಲಾರದಷ್ಟು ವಿದ್ಯುತ್ತನ್ನು ಹೊರುತ್ತಿದೆ. ಇವುಗಳಲ್ಲಿ ಯಾವುದೆಂಬುದನ್ನು ತಿಳಿಯುವುದು ಅಷ್ಟೇನೂ ಕಠಿಣವಲ್ಲ. ಕಠಿಣವಾಗಿರುವುದು ಆ ತಿಳಿಯುವ ಕೆಲಸಕ್ಕೆ ಹಣ ಕೊಡಲು ಮಾಲೀಕರ ಮನಸ್ಸನ್ನು ಒಪ್ಪಿಸುವುದು.

ಗ್ಯಾರೇಜಿನ ಬಿಲ್ಲನ್ನು ಲೆಕ್ಕದ ದೃಷ್ಟಿಯಿಂದ ನೋಡಬೇಕು. ಅದರಲ್ಲಿ ಬಿಡಿಭಾಗಗಳಿಗೆ ಒಂದು ಅಂಕಣವಿದೆ, ಕೂಲಿಗೆ ಇನ್ನೊಂದು. ಕೂಲಿಯೂ ಭಾಗವನ್ನು ಬಿಚ್ಚಿ ಜೋಡಿಸಿದ್ದಕ್ಕೆ ಹೊರತು ಹುಡುಕಿದ್ದಕ್ಕಲ್ಲ. ಎರಡು ಗಂಟೆ ವಾಹನದ ಕೆಳಗೆ ಮಲಗಿ, ಸೈಲೆನ್ಸರಿಗೆ ಕರಗಿ ಅಂಟಿಕೊಂಡ ಪ್ಲಾಸ್ಟಿಕ್ ಚೀಲವೊಂದನ್ನು ಕಂಡುಹಿಡಿದು ಕೆರೆದು ತೆಗೆದ ಮೆಕ್ಯಾನಿಕನಿಗೆ ಸಿಗುವುದು ಚಹಾದ ಕಾಸು. ಅದೇ ವಾಸನೆಗೆ ಕ್ಲಚ್ ಪ್ಲೇಟ್ ಬದಲಿಸಿಬಿಟ್ಟವನಿಗೆ ಸಾವಿರಾರು ರೂಪಾಯಿಯ ಬಿಲ್ಲು, ಮೇಲೆ ಮಾಲೀಕರ ಮೆಚ್ಚುಗೆ. ಹಳೆಯ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿದಾಗ ಕೊಟ್ಟ ಹಣಕ್ಕೆ ಸಾಕ್ಷಿ ಸಿಕ್ಕಿತೆಂಬ ತೃಪ್ತಿ. ವಾಸನೆ ಮಾತ್ರ ನಾಲ್ಕನೆಯ ದಿನ ಮರಳಿ ಬರುತ್ತದೆ. ಹೀಗೆ ಪ್ರಾಮಾಣಿಕ ಮೆಕ್ಯಾನಿಕನಿಗೆ ಹುಡುಕುವುದು ನಷ್ಟದ ಬಾಬ್ತು, ಬದಲಿಸುವುದು ಲಾಭದ ಬಾಬ್ತು ಎಂಬ ಪಾಠವನ್ನು ಗಿರಾಕಿಗಳೇ ಕಲಿಸಿದ್ದಾರೆ. ದೂರುವುದಾದರೆ ಮೊದಲು ಗಿರಾಕಿಯನ್ನು ದೂರಬೇಕು.

ಎರಡನೆಯ ಅಡಚಣೆ ಚಾಲಕನ ಮೌನ. ಸಣ್ಣ ಸಂಸ್ಥೆಗಳಲ್ಲಿ ವಾಹನದ ಒಡೆಯ ಬೇರೆ, ಓಡಿಸುವವನು ಬೇರೆ. ವಾಸನೆಯು ಮೊದಲು ತಲುಪುವುದು ಓಡಿಸುವವನ ಮೂಗಿಗೆ. ಅದನ್ನು ಹೇಳಿದ ಮರುಕ್ಷಣವೇ “ಕ್ಲಚ್ ಮೇಲೆ ಕಾಲಿಟ್ಟು ಓಡಿಸಿದೆಯಾ?” ಎಂಬ ಪ್ರಶ್ನೆ ಬರುವುದಾದರೆ, ರಿಪೇರಿ ಖರ್ಚು ಸಂಬಳದಲ್ಲಿ ಮುರಿಯುವ ಪದ್ಧತಿ ಇರುವುದಾದರೆ, ಅವನು ಬಾಯಿ ಮುಚ್ಚಿಕೊಂಡಿರುವುದೇ ಸಹಜ. ಹಾಗೆ ಮುರಿಯುವುದಕ್ಕೂ ಕಾನೂನಿನಲ್ಲಿ ಕ್ರಮವಿದೆ. ನಷ್ಟವು ನೌಕರನ ನಿರ್ಲಕ್ಷ್ಯದಿಂದಲೇ ಆಯಿತೆಂದು ತೋರಬೇಕು, ಅವನಿಗೆ ಕಾರಣ ಹೇಳಿಕೊಳ್ಳಲು ಅವಕಾಶ ಕೊಡಬೇಕು. ಅನೇಕ ಅಂಗಡಿಗಳಲ್ಲಿ ಎರಡೂ ನಡೆಯುವುದಿಲ್ಲ. ಕಡಿತದಿಂದ ಉಳಿದ ಕೆಲವು ನೂರು ರೂಪಾಯಿಗೆ ಪ್ರತಿಯಾಗಿ ಮಾಲೀಕರು ಕಳೆದುಕೊಳ್ಳುವುದು ಆರಂಭದ ಸೂಚನೆಯನ್ನು.

ಇನ್ನು ಪತ್ತೆಯ ವಿಚಾರ. ಹುಡುಕುವವನಿಗೆ ಮೂರು ಸಂಗತಿಗಳು ತಿಳಿದರೆ ಅರ್ಧ ಕೆಲಸ ಮುಗಿದಂತೆ: ವಾಸನೆ ಯಾವುದರಂತಿದೆ, ಯಾವಾಗ ಬರುತ್ತದೆ, ಯಾವ ಕಡೆಯಿಂದ ಬರುತ್ತದೆ. “ಏನೋ ಸುಟ್ಟ ವಾಸನೆ” ಎಂದಷ್ಟೇ ಹೇಳಿ ಕೀಲಿಕೈ ಕೊಟ್ಟು ಹೋಗುವುದು, ವೋಚರುಗಳಿಲ್ಲದೆ ಲೆಕ್ಕ ಬರೆಯಲು ಹೇಳಿದಂತೆ.

ರಬ್ಬರು ಸುಟ್ಟಂತಿದ್ದರೆ ಮೊದಲ ಶಂಕೆ ಬೆಲ್ಟಿನ ಮೇಲೆ. ಇಂಜಿನ್ ಆರಂಭಿಸಿದಾಗ ಅಥವಾ ಎ.ಸಿ. ಹಾಕಿದಾಗ ಕಿರುಗುಟ್ಟುವ ಶಬ್ದವೂ ಜೊತೆಗಿದ್ದರೆ ಬೆಲ್ಟ್ ಜಾರುತ್ತಿದೆ, ಇಲ್ಲವೆ ಅದು ಸುತ್ತಿಸಬೇಕಾದ ರಾಟೆಯೊಂದು ಬಿಗಿದುಕೊಂಡಿದೆ. ಬೆಲ್ಟನ್ನು ಮಾತ್ರ ಬದಲಿಸಿ ಬಿಗಿದ ರಾಟೆಯನ್ನು ಹಾಗೆಯೇ ಬಿಟ್ಟರೆ ಹೊಸ ಬೆಲ್ಟೂ ಸುಡುತ್ತದೆ. ಮಿತಿಮೀರಿ ಸರಕು ಹೇರಿದ ಟೆಂಪೋಗಳಲ್ಲಿ ಟಯರು ಮಡ್‌ಗಾರ್ಡಿನ ಒಳಮೈಗೆ ಉಜ್ಜಿಯೂ ಇದೇ ವಾಸನೆ ಬರುವುದುಂಟು. ಅದರ ಪರಿಹಾರ ಗ್ಯಾರೇಜಿನಲ್ಲಿಲ್ಲ, ತೂಕದ ಚೀಟಿಯಲ್ಲಿದೆ.

ಘಟ್ಟದ ರಸ್ತೆಯನ್ನು ನಿತ್ಯ ಬಳಸುವವರಿಗೆ ಇನ್ನೊಂದು ಬಗೆಯ ಘಾಟು ಪರಿಚಿತ. ಶಿರಾಡಿ ಅಥವಾ ಚಾರ್ಮಾಡಿಯಲ್ಲಿ ವಾಹನಗಳ ಸಾಲು ಕಟ್ಟಿಕೊಂಡು ಅರ್ಧ ಕ್ಲಚ್ಚಿನಲ್ಲಿ ತೆವಳುತ್ತ ಏರುವಾಗ ಬರುವುದು ಕ್ಲಚ್ಚಿನದು. ಕೆಳಗಿನ ಗೇರಿನ ಹಿಡಿತವಿಲ್ಲದೆ ಬ್ರೇಕನ್ನೇ ನಂಬಿ ಇಳಿಯುವಾಗ ಬರುವುದು ಬ್ರೇಕಿನದು. ಎರಡೂ ಒಂದೇ ಬಗೆಯವಾದುದರಿಂದ ಮೂಗಿಗೆ ಗೊಂದಲವಾಗುತ್ತದೆ, ಸಂದರ್ಭವೇ ಬೇರ್ಪಡಿಸಬೇಕು. ಘಟ್ಟದಲ್ಲಿ ಬಂದು ತಣಿದ ಮೇಲೆ ಹೋಗುವ ವಾಸನೆಗೆ ಓಡಿಸುವ ರೀತಿಯನ್ನು ತಿದ್ದಿದರೆ ಸಾಕು. ಸಮತಟ್ಟಾದ ರಸ್ತೆಯಲ್ಲಿ, ಬ್ರೇಕು ಒತ್ತದೆಯೂ ಬರುವುದಾದರೆ ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿಲ್ಲ, ಇಲ್ಲವೆ ಒಂದು ಚಕ್ರದ ಕ್ಯಾಲಿಪರ್ ಬಿಗಿದುಕೊಂಡಿದೆ. ಹತ್ತು ಕಿಲೋಮೀಟರು ಓಡಿಸಿ ನಿಲ್ಲಿಸಿ ನಾಲ್ಕು ಚಕ್ರಗಳ ರಿಮ್ಮಿನ ಮೇಲೂ ನಾಲ್ಕು ನಾಲ್ಕು ಹನಿ ನೀರು ಚಿಮುಕಿಸಿದರೆ ಯಾವುದು ಚುರ್ರೆನ್ನುತ್ತದೆಯೋ ಅದೇ ಅಪರಾಧಿ. ಕೈಯಿಂದ ಮುಟ್ಟಿ ನೋಡುವ ಸಾಹಸ ಬೇಡ. ಬಿಗಿದ ಕ್ಯಾಲಿಪರನ್ನು ಬಿಡಿಸುವ ಖರ್ಚು ಸಣ್ಣದು. ಅದನ್ನು ಬಿಟ್ಟು ಓಡಿಸಿದರೆ ಪ್ಯಾಡು, ಡಿಸ್ಕು, ಬೇರಿಂಗು ಸಾಲಾಗಿ ಹೋಗುತ್ತವೆ. ಅತಿಯಾಗಿ ಕಾದ ಬ್ರೇಕು ಇಳಿಜಾರಿನಲ್ಲಿ ಹಿಡಿಯದಿದ್ದರೆ ಹೋಗುವುದು ಹಣವಷ್ಟೇ ಅಲ್ಲ.

ಕಾದ ಎಣ್ಣೆಯ ವಾಸನೆ, ಅದರಲ್ಲಿಯೂ ವಾಹನ ನಿಂತ ಮೇಲೆ ಬಾನೆಟ್ಟಿನ ಕಡೆಯಿಂದ ಹೆಚ್ಚಾಗಿ ಬರುವುದು, ಸಾಮಾನ್ಯವಾಗಿ ಇಂಜಿನ್ನಿನ ಮೇಲ್ಮುಚ್ಚಳದ ಪ್ಯಾಕಿಂಗ್ ಸವೆದು ಎಣ್ಣೆಯು ಎಕ್ಸಾಸ್ಟ್ ಕೊಳವೆಯ ಮೇಲೆ ಜಿನುಗುತ್ತಿರುವುದರಿಂದ. ಆಯಿಲ್ ಬದಲಿಸಿದ ಒಂದೆರಡು ದಿನ ಚೆಲ್ಲಿದ ಎಣ್ಣೆ ಸುಟ್ಟು ಹೋಗುವುದು ಬೇರೆ ಮಾತು. ರಾತ್ರಿ ವಾಹನದ ಕೆಳಗೆ ರಟ್ಟಿನ ಹಾಳೆ ಹಾಸಿಟ್ಟರೆ ಬೆಳಿಗ್ಗೆ ಕಲೆಯ ಬಣ್ಣವೂ ಜಾಗವೂ ಬಹಳಷ್ಟನ್ನು ಹೇಳುತ್ತವೆ. ಸಿಹಿ ಬೆರೆತ ವಾಸನೆಯಾದರೆ ಸೋರುತ್ತಿರುವುದು ಎಣ್ಣೆಯಲ್ಲ, ರೇಡಿಯೇಟರಿನ ಕೂಲೆಂಟ್. ಆಗ ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿರಬೇಕು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ನಿಯಮದ ಡೀಸೆಲ್ ವಾಹನಗಳು ಹೊಸದೊಂದು ವಾಸನೆಯನ್ನು ತಂದಿವೆ. ಹೊಗೆಯ ಮಸಿಯನ್ನು ಹಿಡಿದಿಡುವ ಸೋಸುಕವು ತುಂಬಿದಾಗ ವಾಹನವು ತಾನಾಗಿಯೇ ನಿಷ್ಕಾಸದ ಉಷ್ಣತೆಯನ್ನು 600 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ಏರಿಸಿ ಮಸಿಯನ್ನು ಸುಡುತ್ತದೆ. ಅಂಥ ವೇಳೆ ಬರುವ ಬಿಸಿಲೋಹದ ವಾಸನೆ ದೋಷವಲ್ಲ. ಅದನ್ನು ದೋಷವೆಂದು ತಿಳಿದು ಅರ್ಧದಲ್ಲಿ ಇಂಜಿನ್ ನಿಲ್ಲಿಸುವುದೇ ಸೋಸುಕಕ್ಕೆ ಹಾನಿ. ಆದರೆ ಆ ಹೊತ್ತಿನಲ್ಲಿ ಒಣಹುಲ್ಲಿನ ಮೇಲೆ ವಾಹನ ನಿಲ್ಲಿಸಬಾರದು.

ಇವೆಲ್ಲಕ್ಕಿಂತ ಗಂಭೀರವಾದದ್ದು ಪ್ಲಾಸ್ಟಿಕ್ ಸುಟ್ಟಂಥ ಚುರುಕಾದ ವಾಸನೆ. ಮಿಕ್ಕವು ದಿನಗಳ ಅವಕಾಶ ಕೊಡಬಹುದು, ತಂತಿಯ ವಾಸನೆ ನಿಮಿಷಗಳನ್ನಷ್ಟೇ ಕೊಡಬಹುದು. ಇದು ಬಂದೊಡನೆ ರಸ್ತೆಯ ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿ, ಎಲ್ಲರೂ ಇಳಿದು ದೂರ ಸರಿಯಬೇಕು. ಬಾನೆಟ್ಟಿನ ಸಂದಿಯಲ್ಲಿ ಹೊಗೆ ಕಂಡರೆ ಅದನ್ನು ಪೂರ್ತಿ ಎತ್ತಬಾರದು, ಒಳಗೆ ನುಗ್ಗುವ ಗಾಳಿಯೇ ಬೆಂಕಿಗೆ ಇಂಧನವಾಗುತ್ತದೆ.

ಇದರ ಮೂಲ ಬಹಳ ವೇಳೆ ಕಾರ್ಖಾನೆಯಲ್ಲಿಲ್ಲ, ಅಲಂಕಾರದ ಅಂಗಡಿಯಲ್ಲಿದೆ. ಸಾಮಾನ್ಯ ಹ್ಯಾಲೊಜನ್ ದೀಪದ ವಾಹನಗಳಲ್ಲಿ ಕಂಪನಿ ಕೊಡುವ ಬಲ್ಬು 60/55 ವ್ಯಾಟಿನದು. ಹೆಚ್ಚು ಬೆಳಕಿನ ಆಸೆಗೆ ಅಲ್ಲಿ 100/90 ವ್ಯಾಟಿನದನ್ನು ಹಾಕಿಸಲಾಗುತ್ತದೆ. 12 ವೋಲ್ಟಿನ ಲೆಕ್ಕದಲ್ಲಿ ಒಂದು ದೀಪಕ್ಕೆ 5 ಆಂಪಿಯರ್ ಹರಿಯುತ್ತಿದ್ದಲ್ಲಿ 8.3 ಆಂಪಿಯರ್ ಹರಿಯುತ್ತದೆ. ತಂತಿಯಲ್ಲಿ ಹುಟ್ಟುವ ಬಿಸಿಯು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಒಂದೂಮುಕ್ಕಾಲು ಪಟ್ಟಿಗಿಂತ ಕಡಿಮೆ ಹೆಚ್ಚಿದ ಪ್ರವಾಹಕ್ಕೆ ಬಿಸಿ ಮಾತ್ರ ಎರಡೂಮುಕ್ಕಾಲು ಪಟ್ಟು. ಚಕ್ರಬಡ್ಡಿ ಬಲ್ಲವರಿಗೆ ಈ ಗಣಿತ ಅಪರಿಚಿತವಾಗಬಾರದು. ದಪ್ಪ ತಂತಿಯೂ ರಿಲೇಯೂ ಇಲ್ಲದೆ ಹೀಗೆ ಮಾಡಿದಾಗ ಫ್ಯೂಸ್ ಹಾರುತ್ತದೆ. ಹಾರುವುದು ಅದರ ಕರ್ತವ್ಯ. ಆಗ 10 ಆಂಪಿಯರಿನ ಕೆಂಪು ಫ್ಯೂಸಿನ ಜಾಗದಲ್ಲಿ 30ರ ಹಸಿರು ಫ್ಯೂಸ್, ಅದೂ ಸಿಗದಿದ್ದರೆ ಸಿಗರೇಟು ಪೆಟ್ಟಿಗೆಯ ಬೆಳ್ಳಿ ಕಾಗದ! ಅಲ್ಲಿಂದ ಮುಂದೆ ಫ್ಯೂಸಿನ ಬದಲು ತಂತಿಯೇ ಕರಗಬೇಕು.

2010ರಲ್ಲಿ ಟಾಟಾ ನ್ಯಾನೋ ಕಾರುಗಳಿಗೆ ಬೆಂಕಿ ಹತ್ತಿದ ಕೆಲವು ಪ್ರಕರಣಗಳು ದೇಶದಾದ್ಯಂತ ಸುದ್ದಿಯಾದವು. ತನಿಖೆಯ ಬಳಿಕ ಕಂಪನಿಯು ಹೇಳಿದ ಕಾರಣಗಳು ಎರಡು: ಹೊರಗಿನಿಂದ ಜೋಡಿಸಿದ ವಿದ್ಯುತ್ ಉಪಕರಣ, ನಿಷ್ಕಾಸ ವ್ಯವಸ್ಥೆಯ ಮೇಲೆ ಉಳಿದ ಅನ್ಯ ವಸ್ತು. ವಿನ್ಯಾಸದಲ್ಲಿ ದೋಷವಿಲ್ಲವೆಂದು ವಾದಿಸಿದರೂ ಅದೇ ವರ್ಷದ ನವೆಂಬರಿನಲ್ಲಿ ಆ ಎರಡು ವ್ಯವಸ್ಥೆಗಳಿಗೂ ಹೆಚ್ಚುವರಿ ರಕ್ಷಣೆಯನ್ನು ಉಚಿತವಾಗಿ ಅಳವಡಿಸಿಕೊಡಲು ಮುಂದಾಯಿತು. ವಿವಾದದಲ್ಲಿ ಯಾರ ಪಕ್ಷ ಸರಿಯೆಂಬುದಕ್ಕಿಂತ, ಹುಡುಕಬೇಕಾದ ಎರಡು ಜಾಗಗಳನ್ನು ಅದು ತೋರಿಸಿಕೊಟ್ಟಿತೆಂಬುದು ಇಲ್ಲಿ ಮುಖ್ಯ. ಎ.ಪಿ.ಎಂ.ಸಿ. ಪ್ರಾಂಗಣದ ಗೋದಾಮುಗಳ ಪಕ್ಕ ರಾತ್ರಿ ನಿಲ್ಲುವ ವಾಹನಗಳಿಗೆ ಮೂರನೆಯ ಕಾರಣವೂ ಉಂಟು. ಧಾನ್ಯಕ್ಕೆ ಬಂದ ಇಲಿ ಬೆಚ್ಚನೆಯ ಇಂಜಿನ್ನಿನೊಳಗೆ ಗೋಣಿನಾರು ತಂದು ಗೂಡು ಕಟ್ಟುತ್ತದೆ, ತಂತಿಯ ಹೊದಿಕೆಯನ್ನು ಕಡಿಯುತ್ತದೆ. ಸುಡುವುದಕ್ಕೆ ನಾರೂ ಹೊತ್ತಿಸುವುದಕ್ಕೆ ಕಿಡಿಯೂ ಒಂದೇ ಜಾಗದಲ್ಲಿ!

“ವಿಮೆ ಇದೆಯಲ್ಲ” ಎಂಬ ಉತ್ತರ ಬರುವುದು ಇಲ್ಲಿಯೇ. ಕಡ್ಡಾಯವಾದ ಮೂರನೆಯ ಪಕ್ಷದ ವಿಮೆಯಿಂದ ಸ್ವಂತ ವಾಹನ ಸುಟ್ಟದ್ದಕ್ಕೆ ಚಿಕ್ಕಾಸೂ ಬಾರದು. ಸಮಗ್ರ ವಿಮೆಯು ಬೆಂಕಿಯನ್ನೂ ತಾನಾಗಿ ಹೊತ್ತಿಕೊಳ್ಳುವುದನ್ನೂ ಒಳಗೊಳ್ಳುತ್ತದೆ ನಿಜ, ಆದರೆ ಸವೆತವನ್ನೂ ಯಾಂತ್ರಿಕ ಅಥವಾ ವಿದ್ಯುತ್ ದೋಷವನ್ನೂ ಹೊರಗಿಡುತ್ತದೆ. ಬಹುತೇಕರು ಓದದೆ ಬಿಡುವ ಷರತ್ತು ಇನ್ನೊಂದಿದೆ. ವಾಹನವನ್ನು ಸುಸ್ಥಿತಿಯಲ್ಲಿಡಲು ಮಾಲೀಕನು ಯುಕ್ತ ಕ್ರಮ ಕೈಗೊಳ್ಳಬೇಕು. ಕೆಟ್ಟು ನಿಂತ ವಾಹನವನ್ನು ಅಗತ್ಯ ದುರಸ್ತಿಗೆ ಮುನ್ನ ಓಡಿಸಿದಲ್ಲಿ ಆ ಬಳಿಕ ಹೆಚ್ಚಿದ ಹಾನಿಯು ಪೂರ್ಣವಾಗಿ ಅವನ ಹೊಣೆ. ವಾಸನೆ ಬಂದಿತ್ತು, ಆದರೂ ಊರು ತಲುಪಿದ ಮೇಲೆ ನೋಡೋಣವೆಂದು ಓಡಿಸಿದೆ ಎಂದು ಚಾಲಕನು ಸರ್ವೇಯರನ ಮುಂದೆ ಹೇಳಿದಾಗ ಈ ಷರತ್ತಿನ ಬೆಲೆ ತಿಳಿಯುತ್ತದೆ. ಆಮೇಲೆ ಹಾಕಿಸಿದ ಸಿ.ಎನ್.ಜಿ. ಕಿಟ್ಟನ್ನು ನೋಂದಣಿ ಪತ್ರದಲ್ಲಿಯೂ ಪಾಲಿಸಿಯಲ್ಲಿಯೂ ದಾಖಲಿಸದವರ ಸ್ಥಿತಿ ಇನ್ನೂ ಕಷ್ಟ. ಹೇರಿದ ಸರಕು ವಾಹನದ ಪಾಲಿಸಿಯೊಳಗೆ ಬರುವುದೇ ಇಲ್ಲ, ಅದಕ್ಕೆ ಸಾಗಣೆ ವಿಮೆ ಬೇರೆಯೇ ಆಗಬೇಕು.

ತೆರಿಗೆಯ ಮಾತು ಚುಟುಕು. ಸ್ವಂತ ಓಡಾಟದ ಕಾರಿನ ದುರಸ್ತಿಗೆ ಕೊಟ್ಟ ಜಿ.ಎಸ್.ಟಿ.ಗೆ ಸಾಮಾನ್ಯ ವರ್ತಕರಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು, ಸರಕು ಸಾಗಣೆಯ ವಾಹನಕ್ಕೆ ದೊರೆಯುತ್ತದೆ. ಬಿಲ್ಲಿಲ್ಲದೆ ರಿಪೇರಿ ಮಾಡಿಸಿದವರಿಗೆ ಅದೂ ಇಲ್ಲ, ವಾಹನವನ್ನು ಸುಸ್ಥಿತಿಯಲ್ಲಿಟ್ಟಿದ್ದೆನೆಂಬುದಕ್ಕೆ ಪುರಾವೆಯೂ ಇಲ್ಲ.

ಆದುದರಿಂದ ಮಾಲೀಕರು ಗ್ಯಾರೇಜಿನವರೊಡನೆ ಮಾಡಿಕೊಳ್ಳಬೇಕಾದ ಒಪ್ಪಂದ ಸರಳವಾದದ್ದು. ದೋಷ ಪತ್ತೆಗೆ ಗಂಟೆಯ ಲೆಕ್ಕದಲ್ಲಿ ಕೂಲಿ, ಬಿಲ್ಲಿನಲ್ಲಿ ಅದಕ್ಕೊಂದು ಪ್ರತ್ಯೇಕ ಸಾಲು. ಏನೂ ಬದಲಿಸದೆ ಕಾರಣ ಕಂಡುಹಿಡಿದರೂ ಆ ಕೂಲಿ ಸಲ್ಲಬೇಕು. ಕಾರಣ ತೋರಿಸದೆ ಭಾಗ ಬದಲಿಸಿದರೆ ಸಲ್ಲಬಾರದು. ಅಧಿಕೃತ ಸರ್ವಿಸ್ ಕೇಂದ್ರಗಳಲ್ಲಿ ಕಂಪ್ಯೂಟರ್ ಜೋಡಿಸಿ ನೋಡಿದ್ದಕ್ಕೆ ಶುಲ್ಕ ಪಡೆಯುವ ರೂಢಿ ಇದೆ. ಆದರೆ ಆ ಯಂತ್ರವು ಸಂವೇದಕಗಳಿರುವ ಕಡೆಯ ದೋಷವನ್ನಷ್ಟೇ ಓದಬಲ್ಲದು. ಬಿಗಿದ ಕ್ಯಾಲಿಪರಾಗಲಿ ಸೈಲೆನ್ಸರಿನ ಮೇಲಿನ ಪ್ಲಾಸ್ಟಿಕ್ಕಾಗಲಿ ಅದರ ಪರದೆಯ ಮೇಲೆ ಮೂಡುವುದಿಲ್ಲ. ಅಲ್ಲಿಯೂ ಒಬ್ಬ ಮನುಷ್ಯ ಬಗ್ಗಿ ನೋಡಲೇಬೇಕು. ಚಾಲಕನ ಬಳಿ ಒಂದು ಕಿರುಪುಸ್ತಕವಿರಲಿ: ದಿನಾಂಕ, ಓಡಿದ ಕಿಲೋಮೀಟರು, ವಾಸನೆಯ ಬಗೆ, ಆಗ ಏರೋ ಇಳಿಜಾರೋ, ಎ.ಸಿ. ಹಾಗೂ ದೀಪ ಹಾಕಿತ್ತೋ ಇಲ್ಲವೋ, ಎಷ್ಟು ಹೊತ್ತಿಗೆ ಹೋಯಿತು. ಅದರಲ್ಲಿ ಬರೆದ ಯಾವ ಸಂಗತಿಗೂ ಸಂಬಳದಲ್ಲಿ ಮುರಿಯುವುದಿಲ್ಲವೆಂಬ ಮಾತನ್ನು ಮಾಲೀಕರೇ ಮೊದಲ ಪುಟದಲ್ಲಿ ಬರೆದು ರುಜು ಹಾಕಿ ಕೊಡುವುದು ಒಳಿತು.