ಜಪಸರ ಮುಗಿದ ಮೇಲೆ

ಮಂಗಳೂರಿನ ಕಥೊಲಿಕ ಮನೆಗಳಲ್ಲಿ ಮುಸ್ಸಂಜೆಯ ಹೊತ್ತಿಗೆ ವಿಶೇಷ ಸ್ಥಾನವುಂಟು. ಗೋಡೆಗೆ ಹೊಂದಿಸಿದ ಪುಟ್ಟ ಪೀಠ, ಅದರ ಮೇಲೆ ಶಿಲುಬೆ, ಮರಿಯಮ್ಮನವರ ಪ್ರತಿಮೆ, ಒಂದು ಮೇಣದ ಬತ್ತಿ. ಅದರೆದುರು ಮನೆಮಂದಿ ಮೊಣಕಾಲೂರಿ ಕೊಂಕಣಿಯಲ್ಲಿ ‘ತೇರ್ಸ್’ ಹೇಳುತ್ತಾರೆ. ಇದೇ ಜಪಸರದ ಪ್ರಾರ್ಥನೆ. ಮರಿಯಮ್ಮನವರ ಜಪವೊಂದನ್ನೇ ಐದು ಪಂಗಡಗಳಲ್ಲಿ, ಹತ್ತು ಹತ್ತರಂತೆ, 50 ಬಾರಿ ಹೇಳಬೇಕು.

ಹತ್ತು ವರ್ಷದ ಹುಡುಗನಿಗೆ ಈ ಐವತ್ತು ಬಲು ದೀರ್ಘವಾದ ದಾರಿ. ಮೂರನೆಯ ಪಂಗಡದ ವೇಳೆಗೆ ಮೊಣಕಾಲು ನೋಯುತ್ತದೆ. ಕಣ್ಣು ಗೋಡೆಯ ಹಲ್ಲಿಯ ಮೇಲೆ ನಿಲ್ಲುತ್ತದೆ. ಕೆಲಸದ ನಿಮಿತ್ತ ಬೆಂಗಳೂರಿನಲ್ಲಿ ನೆಲಸಿದ ಇಂತಹದೊಂದು ಮನೆಯಲ್ಲಿ ಹುಡುಗನು ಒಂದು ಸಂಜೆ ಕೇಳಿಯೇ ಬಿಟ್ಟನು:

“ಒಂದೇ ಮಾತನ್ನು ಐವತ್ತು ಸಲ ಕೇಳಿ ದೇವರಿಗೆ ಬೇಸರವಾಗುವುದಿಲ್ಲವೆ?”

“ಅಧಿಕಪ್ರಸಂಗ ಬೇಡ!” ಎಂದರು ತಂದೆ.

ಪ್ರಶ್ನೆ ಅಲ್ಲಿಗೆ ಅಡಗಿತು. ಆದರೆ ಅಡಗಿದ ಪ್ರಶ್ನೆ ಸತ್ತಿತೆಂದು ಭಾವಿಸುವುದು ಹಿರಿಯರ ದೊಡ್ಡ ಭ್ರಮೆ. ಹುಡುಗನು ಕೇಳಿದ್ದರಲ್ಲಿ ಅಶ್ರದ್ಧೆಯಿರಲಿಲ್ಲ. ದೇವರ ಬೇಸರದ ಚಿಂತೆಯಿತ್ತು. ತಂದೆಯವರ ಗದರಿಕೆಯಲ್ಲಾದರೋ ಉತ್ತರ ತಿಳಿಯದವರ ಅಳುಕು ಇದ್ದಿತು.

ಉತ್ತರವೇನೋ ಉಂಟು. ಜಪಸರದ ಒಂದೊಂದು ಪಂಗಡಕ್ಕೂ ಯೇಸುವಿನ ಅಥವಾ ಆತನ ತಾಯಿಯ ಬಾಳಿನ ಒಂದು ಪ್ರಸಂಗವನ್ನು ಧ್ಯಾನಕ್ಕಾಗಿ ಇಟ್ಟಿದೆ: ಜನನ, ಯಾತನೆ, ಪುನರುತ್ಥಾನ, ಹೀಗೆ. ಬಹುಕಾಲ ಇಂತಹ ಪ್ರಸಂಗಗಳು ಹದಿನೈದು ಇದ್ದವು. ಯೇಸುವಿನ ಬಹಿರಂಗ ಜೀವನಕ್ಕೆ ಸೇರಿದ ಇನ್ನೈದನ್ನು 2002ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಸೇರಿಸಿದರು. ಬಾಯಿಯ ಜಪ ತಂಬೂರಿಯ ಶ್ರುತಿಯಂತೆ ನಡೆಯುತ್ತಿರಲು ಮನಸ್ಸು ಕಥೆಯಲ್ಲಿ ನೆಲಸಬೇಕು. ಪಂಗಡದ ಮೊದಲು ಆ ಪ್ರಸಂಗವನ್ನು ಮಗುವಿಗೆ ತಿಳಿಯುವ ಎರಡು ಮಾತಿನಲ್ಲಿ ಹೇಳಲು ಅರ್ಧ ನಿಮಿಷವೂ ಬೇಡ. ಎಷ್ಟೋ ಮನೆಗಳಲ್ಲಿ ಆ ಅರ್ಧ ನಿಮಿಷವೇ ಉಳಿತಾಯವಾಗುತ್ತದೆ!

ಭಾನುವಾರದ ಧರ್ಮೋಪದೇಶದ ತರಗತಿಯುಂಟಲ್ಲ, ಅಲ್ಲಿ ಕಲಿಯಲಿ ಎನ್ನುವವರೂ ಇದ್ದಾರೆ. ಆದರೆ 1964ರಲ್ಲೇ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಕುಟುಂಬವನ್ನು ಮನೆಯೊಳಗಿನ ಧರ್ಮಸಭೆಯೆಂದೂ ತಾಯ್ತಂದೆಗಳನ್ನು ಮಕ್ಕಳ ಮೊದಲ ಬೋಧಕರೆಂದೂ ಕರೆಯಿತು.

ಹಿಂದಿನವರು ಬೋಧನೆಗಿಂತ ಹೆಚ್ಚಾಗಿ ಮಕ್ಕಳ ಕೈಗೆ ಕೆಲಸ ಕೊಡುತ್ತಿದ್ದರು. ಕರಾವಳಿಯ ಮೊಂತಿ ಹಬ್ಬವನ್ನೇ ನೋಡಬಹುದು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಇಗರ್ಜಿಗೆ ಒಯ್ದು, ಹಾಡುತ್ತ ಬಾಲೆ ಮರಿಯಳ ಪ್ರತಿಮೆಗೆ ಎರಚುತ್ತಾರೆ. ಹೂವಿಗಾಗಿ ನೆರೆಮನೆಯ ಬೇಲಿ ಹಾರುವುದೂ ಉಂಟು. ಆ ಪಾಪಕ್ಕೆ ಕ್ಷಮೆ ಸುಲಭ. ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನ. ಗುರುಗಳು ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಅದರ ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಬೆರೆಸಿ, ಪ್ರಾರ್ಥನೆಯ ಬಳಿಕ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಬಾಳೆಯೆಲೆಯ ಊಟ, ಮೀನಿಲ್ಲದೆ ತುತ್ತಿಳಿಯದ ಮನೆಯಲ್ಲಿಯೂ ಅಂದು ಮೀನಿಲ್ಲ. ದೂರದೂರಿನಲ್ಲಿರುವ ಮಕ್ಕಳಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತದೆ.

ಬೆಂಗಳೂರಿನ ಮೂರನೆಯ ಅಂತಸ್ತಿನ ಮನೆಗೂ ಅಂತಹ ಲಕೋಟೆ ಬರುತ್ತಿತ್ತು. ಗದ್ದೆಯನ್ನು ಕಾಣದ ಹುಡುಗ ಪ್ರತಿವರ್ಷ ಅದನ್ನು ತಾನೇ ಒಡೆದು, ಕಾಳುಗಳನ್ನು ಎಣಿಸಿ, ಯಾರಿಗೆಷ್ಟು ಎಂದು ಲೆಕ್ಕ ಹಾಕುತ್ತಿದ್ದನು. ಅವನಿಗೆ ಕೊಂಕಣಿ ಅರೆಬರೆ. ಜಪದ ಕೆಲವು ಶಬ್ದಗಳ ಅರ್ಥವನ್ನು ಅವನು ಊಹೆಯಿಂದಲೇ ತುಂಬಿಕೊಂಡಿದ್ದನು. ಲಕೋಟೆಯ ವಿಷಯದಲ್ಲಿ ಊಹೆ ಬೇಕಿರಲಿಲ್ಲ.

ಜಪಸರ ಮುಗಿದ ಮೇಲೆ ‘ಬೆಸಾಂವ್’ ಬೇಡುವ ಪದ್ಧತಿಯುಂಟು. ಕಿರಿಯರು ಕೈಮುಗಿದು ಒಬ್ಬೊಬ್ಬ ಹಿರಿಯರ ಮುಂದೆಯೂ ನಿಂತು ಆಶೀರ್ವಾದ ಕೇಳಬೇಕು. ಮುನಿಸಿದ್ದರೂ ತಪ್ಪಿಸುವಂತಿಲ್ಲ, ಗದರಿದವರೂ ಹರಸದೆ ಕಳುಹಿಸುವಂತಿಲ್ಲ. ಆ ಸಂಜೆಯೂ ಹುಡುಗ ಅಜ್ಜಿಯ ಬಳಿಗೆ ಹೋದನು, ತಾಯಿಯ ಬಳಿಗೆ ಹೋದನು, ಕೊನೆಗೆ ತಂದೆಯ ಮುಂದೆ ತಲೆತಗ್ಗಿಸಿ ನಿಂತನು. ತಂದೆ ಹರಸಿದರು, ಆದರೆ ಕೈಯನ್ನು ಕೂಡಲೆ ಹಿಂದೆಗೆಯಲಿಲ್ಲ.

“ನೀನು ಕೇಳಿದ್ದನ್ನು ನಾನೂ ಒಮ್ಮೆ ನನ್ನ ತಂದೆಯನ್ನು ಕೇಳಿದ್ದೆ. ಅವರೂ ಗದರಿದ್ದರು,” ಎಂದರು.

ಹುಡುಗ ತಲೆಯೆತ್ತಿದನು. “ಆಮೇಲೆ?”

ತಂದೆ ಮೇಣದ ಬತ್ತಿಯನ್ನು ಆರಿಸದೆ ಅವನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತರು.